ನಲವತ್ತೇಳನೆಯ ನಂಬರ್

ಕಾಸರಗೋಡಿನ ಹಳೆಯ ಎಕ್ಸ್‌ಚೇಂಜಿನಲ್ಲಿ ಆಗ
ಊರೆಂದರೆ ಇನ್ನೂರು ತೂತು.
ಒಂದೊಂದಕ್ಕೂ ಹಿತ್ತಾಳೆಯ ಒಂದು ರೆಪ್ಪೆ;
ಯಾರೋ ಹ್ಯಾಂಡಲ್ ತಿರುಗಿಸಿದರೆ
ಟಪ್ಪೆಂದು ಬೀಳುತ್ತಿತ್ತು, ಕಣ್ಣು ತೆರೆದ ಹಾಗೆ.
ನಾನು ಬೇಳದ ಸಿಸಿಲಿಯಾ, ಬಲದ ಕುರ್ಚಿ.
ಎಡದ್ದು ವಾರಿಜಾಕ್ಷಿಯದ್ದು.

ಎರಡು ಜಡೆ, ಇಸ್ತ್ರಿ ಹಾಕಿದ ವಾಯಿಲ್ ಸೀರೆ,
ಉಗುರು ಮಾತ್ರ ಮಾಂಸದವರೆಗೆ ಕಚ್ಚಿದ್ದು.
ಬಂದ ತಿಂಗಳಲ್ಲೇ ಊರಿನ ಗಂಟಲೆಲ್ಲ ಅವಳ ಕೈವಶ:
ತಳಂಗರೆಯ ಟೊಪ್ಪಿ ಸಾಹುಕಾರರ ಕೆಮ್ಮು,
ಡಾಕ್ಟರರ ಹೆಂಡತಿಯ ಮೂಗಿನ ಇಂಗ್ಲಿಷು,
ತುಳುವಿನಲ್ಲಿ ಬೈದು ಮಲಯಾಳದಲ್ಲಿ ಕ್ಷಮೆ ಕೇಳುವ ಲಾರಿ ಏಜಂಟ್.
ರಾತ್ರಿಪಾಳಿಯಲ್ಲಿ ನನಗೆಂದೇ ಆಡಿ ತೋರಿಸುವಳು.
ನಕ್ಕು ನಕ್ಕು ನನ್ನ ಹೆಡ್‌ಸೆಟ್ ಜಾರುತ್ತಿತ್ತು.
ನಿನ್ನ ಸ್ವಂತದ್ದು ಯಾವುದು ಮಾರಾಯ್ತಿ, ಕೇಳಿದ್ದೆ ಒಮ್ಮೆ.
ತುಂಬ ಹೊತ್ತು ಹುಡುಕಿದಳು,
ಬಸ್ಸಿನಲ್ಲಿ ಚಿಲ್ಲರೆ ಹುಡುಕುವವರ ಹಾಗೆ.

ಅಮ್ಮ ಬಾವಿಗೆ ಬಿದ್ದದ್ದನ್ನು ಮೂರು ಸಲ ಹೇಳಿದ್ದಾಳೆ.
ಮೊದಲ ಸಲ ಅವಳು ಶಾಲೆಯಲ್ಲಿದ್ದಳು.
ಎರಡನೆಯ ಸಲ ಹಗ್ಗ ಹಿಡಿದಿದ್ದಳು.
ಮೂರನೆಯ ಸಲ, ಚಹಾ ಆರಿಸುತ್ತ,
"ಹಗ್ಗ ಒದ್ದೆ ಇತ್ತು, ಅಂಗೈ ಉರಿಯುತ್ತಿತ್ತು" ಅಂದಳು.
ನಾಲ್ಕನೆಯ ಸಲ ಬಾರದ ಹಾಗೆ ನಾನೇ ಮಾತು ತಿರುಗಿಸಿದೆ.

ನಲವತ್ತೇಳೆಂದರೆ ತಂಬಾಕಿನ ಬಂಡಸಾಲೆ.
ಅಲ್ಲಿಯ ಸಣ್ಣ ಯಜಮಾನ, ವಿಠಲ ಶೆಣೈ,
ಲೈನು ಕೊಟ್ಟ ಮೇಲೆ "ಉಪಕಾರ ಆಯ್ತು" ಅನ್ನುವ
ಊರಿನ ಒಬ್ಬನೇ ಗಂಡಸು.
ಅಷ್ಟೇ. ಅಷ್ಟಕ್ಕೇ ಅವಳು
ಒಂದು ಸ್ಟಾಪು ಮೊದಲೇ ಬಸ್ಸಿಳಿದು ಬಂಡಸಾಲೆಯ ಎದುರು ನಡೆದಳು.
ಕೊಡೆ ಅವನ ಭುಜಕ್ಕೆ ತಾಗಿತು.
"ನೋಡಿ ನಡೆಯಿರಿ" ಅಂದನಂತೆ, ನೋಡದೆ.

ಹತ್ತೊಂಬತ್ತು, ಕೋಟೆರಸ್ತೆಯ ವಕೀಲರ ಮನೆ.
ಹನ್ನೊಂದು ಗಂಟೆಯ ಮೇಲೆ ಅಲ್ಲಿಯ ಮಗಳು ಇಂದುಮತಿ
ನಲವತ್ತೇಳನ್ನು ಕೇಳುವಳು, ಪಿಸುದನಿಯಲ್ಲಿ.
ವಾರಿಜಾಕ್ಷಿ ಜೋಡಿಸಿ, ಕೇಳುವ ಕೀಲಿ ಮುಚ್ಚದೆ,
ಕಣ್ಣು ಮುಚ್ಚಿ ಕೂರುವಳು.
ಆ ಹುಡುಗಿಗೆ ಒಂದು ಚಟ, ಮಾತಿನ ಕೊನೆಗೆ
ಸಣ್ಣದಾಗಿ ಉಸಿರು ಒಳಗೆಳೆದುಕೊಳ್ಳುವುದು.
ಕದ್ದು ಕೇಳುತ್ತಿದ್ದಾಳೆ ಎಂದಷ್ಟೇ ನನ್ನ ಎಣಿಕೆ.
ಕಲಿಯುತ್ತಿದ್ದಳು.

ಆ ರಾತ್ರಿ ಯಾವ ರೆಪ್ಪೆಯೂ ಬೀಳಲಿಲ್ಲ.
ಅವಳೇ ನಲವತ್ತೇಳಕ್ಕೆ ರಿಂಗು ಕೊಟ್ಟಳು. ಒಂದೇ ಹುರಿ;
ಅದರ ಇನ್ನೊಂದು ತುದಿ ಅವಳ ಮುಷ್ಟಿಯಲ್ಲಿ.
"ಅಪ್ಪನಿಗೆ ಗೊತ್ತಾಗಿದೆ. ರೈಲಿನ ಸಂಕಕ್ಕೆ ಬಾ, ಈಗಲೇ.
ನಾನು ಚಂದ್ರಗಿರಿಯ ಆಚೆ ದಡದಲ್ಲಿದ್ದೇನೆ.
ನಡೆದೇ ಬಾ. ಮೇಲ್ ಹೋಗಿ ಆಯ್ತಲ್ಲ, ಹೆದರಬೇಡ."
ಮತ್ತೆ ಆ ಉಸಿರು, ಒಳಗೆ.
ಮೇಲ್ ಲೇಟೆಂದು ಸ್ಟೇಷನ್ನಿನವರು ಆಗಷ್ಟೇ ಹೇಳಿದ್ದರು,
ಅವಳ ಕಿವಿಗೇ.
ನನ್ನ ಕೀಲಿಯೂ ತೆರೆದಿತ್ತು.
ನಾನು ನಕ್ಕೆ.
ಎಷ್ಟು ಸರಿಯಾಗಿ ಬಂದಿತ್ತು ಆ ಉಸಿರು!
"ಯಾರದು ನಗುವುದು?" ಅಂದ ಅವನು.
"ಯಾರೂ ಅಲ್ಲ," ಅಂದಳು, "ಲೈನಿನಲ್ಲಿ ಗಾಳಿ."

ಲೋಕಲ್ ಕಾಲಿಗೆ ಚೀಟಿ ಇಲ್ಲ, ಗುರುತಿಲ್ಲ.
ಫೋನು ಮಾಡಲಿಲ್ಲವೆಂದು ಇಂದುಮತಿ ದೇವರ ಮೇಲೆ ಆಣೆಯಿಟ್ಟಳು.
ಶೆಣೈಯ ಗುಮಾಸ್ತ ಅವಳದ್ದೇ ದನಿಯೆಂದು ಸಾಕ್ಷಿ ಹೇಳಿದ.
ಎಕ್ಸ್‌ಚೇಂಜಿಗೂ ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದಿದ್ದ.
ಚಹಾ ಕುಡಿದು ಹೋದ.

ಮೂರನೆಯ ದಿನ ನಲವತ್ತೇಳರ ರೆಪ್ಪೆ ಬಿತ್ತು.
ಆ ಕಡೆ ಮುದುಕ, ನಂಬರು ಹೇಳಲಾಗದೆ
ಬರೇ ಏದುಸಿರು.
"ನಂಬರ್ ಪ್ಲೀಸ್" ಅಂದಳು ವಾರಿಜಾಕ್ಷಿ,
ಮೊದಲ ಸಲ ಅವಳದ್ದೇ ದನಿಯಲ್ಲಿ.
ಚಂದ ಇತ್ತು, ಸುಳ್ಳು ಹೇಳಬಾರದು.
ಪಾಲ್ಘಾಟಿಗೆ ಟ್ರಾನ್ಸ್‌ಫರ್ ಕೇಳಿ ಪಡೆದಳು. ಹೋಗುವಾಗ
ನನಗೊಂದು ಹಲ್ವದ ಕಟ್ಟು ಕೊಟ್ಟಳು. ತಿಂದೆ.

ಬೇಳದ ಇಗರ್ಜಿಯ ಜಾಲರಿಗೆ ಬಾಯಿ ತಾಗಿಸಿ
ವರ್ಷಕ್ಕೆರಡು ಸಲ ಮೊಣಕಾಲೂರುತ್ತೇನೆ.
ಆಚೆ ಹೊಸ ಪಾದ್ರಿ, ನನ್ನ ಮೊಮ್ಮಗನ ಪ್ರಾಯ,
"ಹೇಳು" ಅನ್ನುತ್ತಾರೆ.
ಸೊಸೆಗೆ ಬೈದದ್ದು, ಉಪವಾಸ ತಪ್ಪಿಸಿದ್ದು
ಎಲ್ಲ ಲೆಕ್ಕ ಕೊಟ್ಟು
ಗಂಟು ಹಿಡಿದ ಮೊಣಕಾಲು ನೀವಿಕೊಳ್ಳುತ್ತ ಎದ್ದು ಬರುತ್ತೇನೆ.